ನಿನ್ನೆಯ ಕಾಫಿ ಚರಟದಿಂದ ಶುರುವಾಗುವ ಪತ್ತೇದಾರಿ: 1966ರ ‘ಹಾರ್ಪರ್’ ನೋಡಿದವರು ಬನ್ನಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಈ ಸಿನಿಮಾ ಬಗ್ಗೆ ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೆ. 1966ರ ‘ಹಾರ್ಪರ್’. ಪಾಲ್ ನ್ಯೂಮನ್ ಖಾಸಗಿ ಪತ್ತೇದಾರ. ಲಾಸ್ ಏಂಜಲೀಸಿನ ಬಿಸಿಲು, ಈಜುಕೊಳ, ಕಾಣೆಯಾದ ಕುಡುಕ ಕೋಟ್ಯಧಿಪತಿ.

ನಾನು ಇದನ್ನು ಮೊದಲು ನೋಡಿದ್ದು ಶಿವಮೊಗ್ಗದ ಮನೆಯಲ್ಲಿ, ಕೇಬಲ್ ಬಂದ ಹೊಸತರಲ್ಲಿ. ಅಮ್ಮ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಇಂಗ್ಲಿಷ್ ಸಿನಿಮಾ ಅಂದರೆ ತಲೆ ಎತ್ತಿಯೂ ನೋಡದವರು. ಶುರುವಿನಲ್ಲಿ ನಾಯಕ ನಿದ್ದೆಗಣ್ಣಲ್ಲಿ ಎದ್ದು, ತೊಟ್ಟಿಗೆ ಐಸ್ ಗಡ್ಡೆ ಸುರಿದು ಅದರೊಳಗೆ ಮುಖ ಅದ್ದುತ್ತಾನೆ. ಕಾಫಿಗೆ ನೀರು ಇಡುತ್ತಾನೆ. ಡಬ್ಬಿ ತೆರೆದರೆ ಪುಡಿ ಇಲ್ಲ. ಕಸದ ಬುಟ್ಟಿ ಮುಚ್ಚಳ ತೆಗೆದು ನೋಡುತ್ತಾನೆ; ನಿನ್ನೆ ಎಸೆದ ಫಿಲ್ಟರ್ ಕಾಗದ, ಅದರೊಳಗೆ ಒದ್ದೆ ಚರಟ. ಒಂದು ಗಳಿಗೆ ಯೋಚಿಸುತ್ತಾನೆ. ಆಮೇಲೆ ಕೈ ಹಾಕಿ ತೆಗೆದು, ಅದರ ಮೇಲೇ ನೀರು ಹೊಯ್ದು, ಕುಡಿದು, ಮುಖ ಕಿವುಚುತ್ತಾನೆ. ಅಮ್ಮ ಸುಲಿಯೋದು ನಿಲ್ಲಿಸಿ, ‘ಅಯ್ಯೋ, ಬುಟ್ಟಿಗೆ ಯಾಕೆ ಹಾಕಿದ, ಫಿಲ್ಟರಲ್ಲೇ ಬಿಟ್ಟಿದ್ರೆ ಎರಡನೇ ಡಿಕಾಕ್ಷನ್ ಆಗ್ತಿತ್ತಲ್ಲ’ ಅಂದರು. ಆಮೇಲೆ ಕರೆಂಟ್ ಹೋಗುವವರೆಗೂ ಅಮ್ಮ ಎದ್ದು ಹೋಗಲಿಲ್ಲ. ಭಾಷೆ ಬಾರದಿದ್ದರೂ ಆ ಮನುಷ್ಯ ಅವರಿಗೆ ಗೊತ್ತಾಗಿಬಿಟ್ಟಿದ್ದ.

ಉಳಿದರ್ಧ ನಾನು ನೋಡಿದ್ದು ಹನ್ನೊಂದು ವರ್ಷದ ಮೇಲೆ. ಈಗ ಏಳೆಂಟು ಸಲ ಆಗಿದೆ. ಪ್ರತಿ ಸಲವೂ ಅದೇ ಅನ್ನಿಸುತ್ತದೆ: ಇಡೀ ಸಿನಿಮಾ ಆ ಕಸದ ಬುಟ್ಟಿಯಲ್ಲಿದೆ. ಲೂ ಹಾರ್ಪರ್ ಮುಗಿದುಹೋದದ್ದನ್ನು ಬಿಡಲಾರದವನು. ಕಾಫಿ ಚರಟ, ಮುರಿದ ಮದುವೆ, ಸವೆದ ಕಾರು, ಹಳೇ ಗೆಳೆತನ, ಯಾವುದನ್ನೂ. ಮೇಲೆ ನೋಡಿದರೆ ಚಟಾಕಿ ಹಾರಿಸುತ್ತ ಓಡಾಡುವ ಹಗುರ ಸಿನಿಮಾ. ಆ ಹಗುರತನ ಎಲ್ಲಿಂದ ಬಂತು, ಅದು ಎಷ್ಟರ ಮಟ್ಟಿಗೆ ಹಗುರ, ಇದರ ಬಗ್ಗೆ ನಿಮ್ಮೆಲ್ಲರ ಮಾತು ಕೇಳಬೇಕು.


ಹಳೇ ರೀಲು:

ತುಂಗಾತೀರ ಅವರೇ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಒಂದು ಸಂಗತಿ ಸೇರಿಸುತ್ತೇನೆ. ಆ ಕಾಫಿ ದೃಶ್ಯ ಮೊದಲಿನ ಚಿತ್ರಕಥೆಯಲ್ಲಿ ಇರಲೇ ಇಲ್ಲ. ವಿಲಿಯಂ ಗೋಲ್ಡ್‌ಮನ್ ಬರೆದ ಚಿತ್ರಕಥೆ ಶುರುವಾಗುತ್ತಿದ್ದದ್ದು ಹಾರ್ಪರ್ ಶ್ರೀಮಂತರ ಮನೆಗೆ ಬರುವಲ್ಲಿಂದ. ಹೆಸರುಗಳು ತೋರಿಸುವಾಗ ಪರದೆ ಮೇಲೆ ಏನಾದರೂ ನಡೆಯುತ್ತಿರಬೇಕಲ್ಲ, ಅದಕ್ಕೊಂದು ತುಣುಕು ಬರೆದುಕೊಡಿ ಅಂತ ಕೊನೆ ಗಳಿಗೆಯಲ್ಲಿ ಕೇಳಿದರು. ಅವರು ಬರೆದುಕೊಟ್ಟದ್ದು ಇದು. ಜನ ಚರಟಕ್ಕೆ ನಕ್ಕರು, ನಕ್ಕ ಕ್ಷಣದಿಂದ ಕೊನೆವರೆಗೂ ಹಾರ್ಪರ್‌ನ ಪಕ್ಷ ಹಿಡಿದರು. ತನ್ನ ಸಿನಿಮಾ ಅನುಭವದ ಪುಸ್ತಕದಲ್ಲಿ ಗೋಲ್ಡ್‌ಮನ್ನೇ ಇದನ್ನು ಬರೆದುಕೊಂಡಿದ್ದಾರೆ. ಚಿತ್ರಕಥೆ ಬರೆಯುವ ಹುಡುಗರಿಗೆ ನಾನು ಮೊದಲು ತೋರಿಸುವುದು ಈ ಎರಡು ಮೂರು ನಿಮಿಷ. ಪಾತ್ರ ಏನು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾತೇ ಇಲ್ಲ.

ಈ ಚಿತ್ರಕಥೆಗೆ ಅಮೆರಿಕದ ರಹಸ್ಯ ಸಾಹಿತ್ಯ ಬರಹಗಾರರ ಸಂಘದ ಎಡ್ಗರ್ ಪ್ರಶಸ್ತಿಯೂ ಬಂತು.


ಪ್ರಶ್ನೆಗಾರ್ತಿ:

ನಾನಿನ್ನೂ ನೋಡಿಲ್ಲ. ಕಥೆ ಏನು ಅಂತ ಯಾರಾದರೂ ಎರಡು ಮಾತಲ್ಲಿ ಹೇಳ್ತೀರಾ? ಕೊನೆ ಹೇಳಬೇಡಿ, ದಯವಿಟ್ಟು.


ತುಂಗಾತೀರ:

ಹೇಳ್ತೀನಿ ಮೇಡಂ. ರಾಲ್ಫ್ ಸ್ಯಾಂಪ್ಸನ್ ಅನ್ನುವ ಭಾರೀ ಶ್ರೀಮಂತ ಲಾಸ್ ವೇಗಸ್‌ನಿಂದ ವಿಮಾನದಲ್ಲಿ ಬಂದವನು ಊರಿಗೆ ಇಳಿದ ಮೇಲೆ ನಾಪತ್ತೆ. ಅವನ ಹೆಂಡತಿ ಎಲೇನ್ ಕುದುರೆ ಮೇಲಿಂದ ಬಿದ್ದು ಗಾಲಿಕುರ್ಚಿ ಹಿಡಿದವಳು. ಹಾರ್ಪರ್‌ನನ್ನು ಕರೆಸುತ್ತಾಳೆ, ಆದರೆ ಗಂಡನ ಮೇಲಿನ ಪ್ರೀತಿಯಿಂದ ಅಲ್ಲ. ಹೆಸರು ಹೇಳಿ ಕರೆಸಿದ್ದು ಅವಳ ವಕೀಲ ಆಲ್ಬರ್ಟ್ ಗ್ರೇವ್ಸ್, ಹಾರ್ಪರ್‌ನ ಹಳೆಯ ಸ್ನೇಹಿತ. ಮನೆಯಲ್ಲಿ ಸ್ಯಾಂಪ್ಸನ್‌ನ ಮಗಳು ಮಿರಾಂಡ, ವಿಮಾನ ಓಡಿಸುವ ಚೆಲುವ ಆಲನ್ ಟ್ಯಾಗರ್ಟ್. ಹೊರಗೆ ಹೋದರೆ ಒಂದು ಕಾಲದ ತಾರೆ ಫೇ ಎಸ್ಟಬ್ರೂಕ್, ಅವಳ ಗಂಡ, ಮದ್ದಿಗೆ ಬಿದ್ದ ಪಿಯಾನೋ ಗಾಯಕಿ ಬೆಟ್ಟಿ, ಬೆಟ್ಟದ ಮೇಲೆ ದೇವಸ್ಥಾನ ಕಟ್ಟಿಕೊಂಡ ಒಬ್ಬ ಸ್ವಾಮಿ. ಆ ಬೆಟ್ಟವನ್ನು ಅವನಿಗೆ ದಾನ ಕೊಟ್ಟವನೂ ಸ್ಯಾಂಪ್ಸನ್ನೇ. ಐದು ಲಕ್ಷ ಡಾಲರ್ ಕೊಡಿ ಅಂತ ಒಂದು ಬೇಡಿಕೆ ಬರುತ್ತದೆ. ಇಷ್ಟು ಸಾಕು.


ಧಾರವಾಡ ಗಾಳಿ:

ನೋಡ್ರಿ ತುಂಗಾತೀರ ಅವರ, ಹಗುರ ಸಿನಿಮಾ ಅಂತೀರಿ. ನನಗ ಹಂಗ ಅನಸಂಗಿಲ್ಲ. ಮೊದಲನೇ ಅರ್ಧ ನಗಿಸ್ತದ, ಖರೆ. ಹಾರ್ಪರ್ ದನಿ ಬದಲಿ ಮಾಡಿ ಫೋನ್ ಮಾಡ್ತಾನ, ಸುಳ್ಳ ಹೆಸರ ಹೇಳ್ತಾನ, ಬಬಲ್ ಗಮ್ ಅಗಕೋತ ಎಲ್ಲಾರ ಕಾಲ ಎಳೀತಾನ. ಆದ್ರ ಎರಡನೇ ಅರ್ಧದಾಗ ಆ ಬೆಟ್ಟಿಗೆ ಕೊಡೂ ಹಿಂಸಾ ನೋಡ್ರಿ. ಅಲ್ಲಿ ಯಾರಿಗೂ ನಗು ಬರೂದಿಲ್ಲ. ನನಗ ಅನಸೂದು, ನಿರ್ದೇಶಕ ಜ್ಯಾಕ್ ಸ್ಮೈಟ್‌ಗ ಎರಡೂ ಬೇಕಾಗಿತ್ತು, ಎರಡೂ ಒಂದ ಬೋಗುಣಿಯೊಳಗ ಕೂಡಲಿಲ್ಲ.

ಇನ್ನೊಂದು ಮಾತು. ಬೆಟ್ಟದ ಮ್ಯಾಲಿನ ಸ್ವಾಮಿ ಪಾತ್ರ, ಸ್ಟ್ರೋದರ್ ಮಾರ್ಟಿನ್ ಮಾಡ್ಯಾನ. ಅವನ ನಟನಾ ನನಗ ಭಾಳ ಸೇರ್ತದ. ಆದ್ರ ಆ ಗುಡಿ, ಅಲ್ಲಿಂದ ಗಡಿ ದಾಟಿ ಕೂಲಿಯವರನ್ನ ಸಾಗಸೂ ದಂಧೆ, ಇವೆಲ್ಲ ಕಥಿಗೆ ಹೊರಗಿಂದ ತಂದು ಹೊಲಿದಂಗ ಅದ. ಅದನ್ನ ಕತ್ತರಿಸಿದ್ರೂ ಅಪಹರಣದ ಕಥಿ ನಿಲ್ತದ.


ಹಳೇ ರೀಲು:

ಹೊರಗಿನಿಂದ ತಂದದ್ದಲ್ಲ ಸರ್, ಅದು ಮೂಲ ಕಾದಂಬರಿಯಲ್ಲೇ ಇದೆ. ರಾಸ್ ಮ್ಯಾಕ್‌ಡೊನಾಲ್ಡ್ 1949ರಲ್ಲಿ ಬರೆದ ‘ದಿ ಮೂವಿಂಗ್ ಟಾರ್ಗೆಟ್’. ಲೂ ಆರ್ಚರ್ ಅನ್ನುವ ಪತ್ತೇದಾರನ ಮೊದಲ ಕಾದಂಬರಿ. ಒಟ್ಟು 18 ಬಂದವು. ಲೇಖಕನ ನಿಜ ಹೆಸರು ಕೆನೆತ್ ಮಿಲ್ಲರ್. ಅವರ ಹೆಂಡತಿ ಮಾರ್ಗರೆಟ್ ಮಿಲ್ಲರ್ ಕೂಡ ದೊಡ್ಡ ರಹಸ್ಯ ಕಾದಂಬರಿಗಾರ್ತಿ. ಇಬ್ಬರೂ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಬದುಕಿದವರು.

ಸಿನಿಮಾದಲ್ಲಿ ಆರ್ಚರ್ ಹೋಗಿ ಹಾರ್ಪರ್ ಆದ. ಇದಕ್ಕೆ ಎರಡು ಕಾರಣ ಹೇಳುವುದುಂಟು. 1961ರ ‘ದಿ ಹಸ್ಲರ್’, 1963ರ ‘ಹಡ್’ ಎರಡೂ ನ್ಯೂಮನ್‌ಗೆ ಹೆಸರು ತಂದ ಚಿತ್ರಗಳು, ಹಾಗಾಗಿ ಎಚ್ ಅಕ್ಷರ ಅವರಿಗೆ ಶುಭ ಅನ್ನುವುದು ಒಂದು. ಖರೀದಿಸಿದ್ದು ಒಂದು ಕಾದಂಬರಿಯ ಹಕ್ಕು ಮಾತ್ರ, ಆರ್ಚರ್ ಅನ್ನುವ ಹೆಸರಿನ ಹಕ್ಕಲ್ಲ ಅನ್ನುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಸಿನಿಮಾ ವ್ಯವಹಾರ ನಡೆಯುವುದೇ ಹಾಗೆ. ಬ್ರಿಟನ್ನಿನಲ್ಲಿ ಈ ಚಿತ್ರ ಕಾದಂಬರಿಯ ಹೆಸರಲ್ಲೇ ತೆರೆಕಂಡಿತು. ಹಳೇ ಪೋಸ್ಟರ್ ಹುಡುಕುವವರು ಎರಡೂ ಹೆಸರಲ್ಲಿ ಹುಡುಕಿ.


ಬೆಳಕಿನವಳು:

ಛಾಯಾಗ್ರಹಣದ ಬಗ್ಗೆ ಯಾರೂ ಮಾತಾಡುತ್ತಿಲ್ಲ, ನಾನೇ ಮಾತಾಡುತ್ತೇನೆ. ಕಾನ್ರಾಡ್ ಹಾಲ್. ಪತ್ತೇದಾರಿ ಚಿತ್ರ ಅಂದಾಕ್ಷಣ ನಮ್ಮ ತಲೆಯಲ್ಲಿ ಕಪ್ಪುಬಿಳುಪು, ಮಳೆ, ಕಿಟಕಿ ಪಟ್ಟಿಗಳ ನೆರಳು, ಟೋಪಿ. ಇಲ್ಲಿ ಎಲ್ಲ ಬಣ್ಣದಲ್ಲಿ, ಅಗಲ ಪರದೆಯಲ್ಲಿ, ನಡುಮಧ್ಯಾಹ್ನದ ಬಿಸಿಲಲ್ಲಿ. ಅಡಗಿಕೊಳ್ಳಲು ನೆರಳೇ ಇಲ್ಲ. ಮಿರಾಂಡ ಮೊದಲು ಕಾಣಿಸುವುದು ಈಜುಕೊಳದ ಹಲಗೆ ಮೇಲೆ, ಕುಣಿಯುತ್ತ. ಅರವತ್ತರ ದಶಕದ ಮೋಜು ಅಂತ ಜನ ಯಾವುದನ್ನು ಕರೆಯುತ್ತಾರೋ ಅದಷ್ಟೂ ಆ ಒಂದು ಶಾಟ್‌ನಲ್ಲಿದೆ: ನೀಲಿ ನೀರು, ಸಂಗೀತ, ಏನೂ ಚಿಂತೆ ಇಲ್ಲದ ಮೈ. ಅವಳ ಅಪ್ಪ ಕಾಣೆಯಾಗಿದ್ದಾನೆ ಅನ್ನುವುದು ನೆನಪಾದಾಗ ಆ ಬಿಸಿಲೇ ಕಿರಿಕಿರಿಯಾಗುತ್ತದೆ. ಧಾರವಾಡದ ಸರ್ ಹೇಳಿದ ಬೋಗುಣಿ ವಿಷಯಕ್ಕೆ ಇದೇ ನನ್ನ ಉತ್ತರ. ಹಗುರ ಮತ್ತು ಕ್ರೂರ ಎರಡೂ ಕೂಡುವುದು ಕಥೆಯಲ್ಲಿ ಅಲ್ಲ, ಬೆಳಕಿನಲ್ಲಿ.

ಹಾಲ್ ಮರುವರ್ಷ, 1967ರಲ್ಲಿ, ‘ಕೂಲ್ ಹ್ಯಾಂಡ್ ಲೂಕ್’ನಲ್ಲಿ ನ್ಯೂಮನ್‌ರನ್ನು ಮತ್ತೆ ಸೆರೆಹಿಡಿದರು. 1969ರಲ್ಲಿ ‘ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡ್ಯಾನ್ಸ್ ಕಿಡ್’. ಅದಕ್ಕೆ ಹಾಲ್‌ಗೂ ಆಸ್ಕರ್, ಬರೆದ ಗೋಲ್ಡ್‌ಮನ್‌ಗೂ ಆಸ್ಕರ್. ಕೊನೆಗೆ 2002ರ ‘ರೋಡ್ ಟು ಪರ್ಡಿಷನ್’. ಅದರಲ್ಲಿ ನ್ಯೂಮನ್ ಮುದುಕ. ಆ ಚಿತ್ರಕ್ಕೆ ಹಾಲ್‌ಗೆ ಆಸ್ಕರ್ ಬರುವ ಹೊತ್ತಿಗೆ ಅವರೇ ಇರಲಿಲ್ಲ. ‘ಹಾರ್ಪರ್’ನ ಬಿಸಿಲಿನ ಮುಖ ನೋಡಿ, ಆಮೇಲೆ ಅದರಲ್ಲಿ ಮಳೆಯಲ್ಲಿ ನಿಂತ ಆ ಮುಖ ನೋಡಿ. 36 ವರ್ಷ ಒಬ್ಬನೇ ಮನುಷ್ಯ ಇನ್ನೊಬ್ಬ ಮನುಷ್ಯನ ಮುಖವನ್ನು ಹೇಗೆ ನೋಡಿದ ಅಂತ ತಿಳಿಯುತ್ತದೆ. ನನಗೆ ಗಂಟಲು ಕಟ್ಟುತ್ತದೆ.


ಧಾರವಾಡ ಗಾಳಿ:

ಬೆಳಕಿನವಳು ಅಕ್ಕಾರ, ಇದು ನನಗ ಹೊಳೆದಿದ್ದಿಲ್ಲ. ಈ ವಾರ ಮತ್ತ ನೋಡ್ತೀನಿ.


ಪೆಸಿಫಿಕ್ ದಂಡೆ:

ನಾನು ಲಾಸ್ ಏಂಜಲೀಸ್ ಕಡೆ ಇರೋದು, ಮೂಲ ಹಾಸನ. ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು. ಈ ಊರಿನ ಬಗ್ಗೆ ಎಷ್ಟೋ ಸಿನಿಮಾ ಬಂದಿದೆ, ಆದರೆ ಇಲ್ಲಿನ ದೂರ ಅರ್ಥವಾಗೋದು ‘ಹಾರ್ಪರ್’ನಲ್ಲಿ. ಅವನು ಇಡೀ ಸಿನಿಮಾ ಕಾರಲ್ಲೇ ಇರ್ತಾನೆ. ಸಮುದ್ರದ ದಂಡೆ, ಬೆಟ್ಟ, ಊರೊಳಗಿನ ಬಾರು, ಮತ್ತೆ ಶ್ರೀಮಂತರ ಗುಡ್ಡ. ಇಲ್ಲಿ ಒಬ್ಬರನ್ನು ಮಾತಾಡಿಸಿ ಬರಬೇಕಾದರೆ ಅರ್ಧ ದಿನ ಹೋಗುತ್ತೆ. ಪತ್ತೇದಾರನಿಗೆ ಯೋಚನೆ ಮಾಡೋಕೆ ಸಮಯ ಸಿಗೋದೇ ಸ್ಟೀರಿಂಗ್ ಹಿಂದೆ.

ಕಾರು ಯಾವುದು ಗೊತ್ತಲ್ಲ? ಪೋರ್ಶ 356 ಸ್ಪೀಡ್‌ಸ್ಟರ್. ಈವತ್ತು ಅದು ಸಂಗ್ರಹಕಾರರು ಪೂಜೆ ಮಾಡೋ ಗಾಡಿ. ಸಿನಿಮಾದಲ್ಲಿ ಅದರ ಒಂದು ಬಾಗಿಲಿಗೆ ಬಣ್ಣವೇ ಇಲ್ಲ, ಬರೀ ಪ್ರೈಮರ್. ಗ್ಯಾರೇಜಿಗೆ ಬಿಟ್ಟು, ಬಾಗಿಲು ಹಾಕಿಸಿ, ಬಣ್ಣ ಹೊಡೆಸೋಕೆ ದುಡ್ಡು ಸಾಲದೆ ಹಾಗೇ ತಂದವನ ಗಾಡಿ. ಇಡೀ ಸಿನಿಮಾ ಯಾರೂ ಅದರ ಬಗ್ಗೆ ಮಾತೇ ಆಡೋಲ್ಲ. ಒಳ್ಳೇ ದಿನಗಳಲ್ಲಿ ಕೊಂಡದ್ದು, ಈಗ ಆ ದಿನ ಇಲ್ಲ, ಆದರೂ ಮಾರಿಲ್ಲ. ತುಂಗಾತೀರ ಹೇಳಿದ್ದು ಸರಿ, ಇವನು ಬಿಡಲಾರದವನು.

ಇಲ್ಲಿ ಬಂದ ಹೊಸತರಲ್ಲಿ ನನ್ನದೂ ಒಂದು ಹಳೇ ಕಾರಿತ್ತು, ಒಂದು ಬಾಗಿಲು ಬೇರೆ ಬಣ್ಣ. ಅದರಲ್ಲಿ ಕೂತು ಫ್ರೀವೇ ಮೇಲೆ ಹೋಗುವಾಗ ಈ ಸಿನಿಮಾ ನೆನಪಾಗಿ ಧೈರ್ಯ ಬರ್ತಿತ್ತು. ನಿಜವಾಗಿ ಹೇಳ್ತಿದ್ದೀನಿ.


ಪ್ರಶ್ನೆಗಾರ್ತಿ:

ನಿನ್ನೆ ರಾತ್ರಿ ನೋಡಿದೆ! ಎರಡು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಯಾರೂ ಬೇಸರ ಮಾಡಿಕೊಳ್ಳಬೇಡಿ.

ಫೇ ಎಸ್ಟಬ್ರೂಕ್ ದೃಶ್ಯಗಳು ನನಗೆ ನೋವು ಕೊಟ್ಟವು. ಶೆಲ್ಲಿ ವಿಂಟರ್ಸ್ ಎಂಥ ನಟಿ. ಅವಳು ಒಂದು ಕಾಲದ ತಾರೆ, ಈಗ ದಪ್ಪಗಾಗಿದ್ದಾಳೆ, ಕುಡಿಯುತ್ತಾಳೆ, ಯಾರಾದರೂ ‘ನಿಮ್ಮ ಹಳೇ ಸಿನಿಮಾ ನೋಡಿದ್ದೀನಿ’ ಅಂದರೆ ಕರಗಿಹೋಗುತ್ತಾಳೆ. ಹಾರ್ಪರ್ ಅದನ್ನೇ ಹಿಡಿದುಕೊಂಡು, ಅವಳ ಅಭಿಮಾನಿ ಅಂತ ನಟಿಸಿ, ಕುಡಿಸಿ, ಪ್ರಜ್ಞೆ ತಪ್ಪಿದ ಮೇಲೆ ಅವಳ ಮನೆ ಜಾಲಾಡುತ್ತಾನೆ. ಇದನ್ನೆಲ್ಲ ನಮ್ಮನ್ನು ನಗಿಸಲಿಕ್ಕೆ ಇಟ್ಟಿದ್ದಾರೆ. ಅವಳು ಮುಂದೆ ಒಳ್ಳೆಯವಳಲ್ಲ ಅಂತ ಗೊತ್ತಾಗುತ್ತದೆ, ಒಪ್ಪುತ್ತೇನೆ. ಆದರೆ ಆ ರಾತ್ರಿ ಅವಳ ಕಣ್ಣಲ್ಲಿ ಬಂದ ಸಂತೋಷ ಸುಳ್ಳಲ್ಲ. ಅದನ್ನು ಯಾರೂ ಅವಳಿಗೆ ವಾಪಸ್ ಕೊಡುವುದಿಲ್ಲ.


ಹಳೇ ರೀಲು:

ಬೇಸರ ಯಾಕಮ್ಮ, ನೀವು ಹೇಳಿದ್ದು ನ್ಯಾಯ. ಆ ಕಾಲದ ಹಗುರ ಸಿನಿಮಾಗಳ ದೊಡ್ಡ ಕೊರತೆ ಇದು. ಹೆಂಗಸರ ವಯಸ್ಸು, ಮೈ ಅಂದರೆ ತಮಾಷೆಯ ಸರಕು. ಅದೇ ಹೊತ್ತಿಗೆ, 1966ರ ಏಪ್ರಿಲ್‌ನಲ್ಲಿ, ಶೆಲ್ಲಿ ವಿಂಟರ್ಸ್‌ಗೆ ಬೇರೊಂದು ಚಿತ್ರಕ್ಕೆ ಎರಡನೇ ಆಸ್ಕರ್ ಬಂತು. ಬರೆದವರು ಕೊಡದ ಘನತೆಯನ್ನು ಆಕೆ ತಾನೇ ತಂದುಕೊಂಡಿದ್ದಾರೆ. ನಿಮಗೆ ನೋವಾಯಿತಲ್ಲ, ಅದು ಆಕೆಯ ನಟನೆಯ ಗೆಲುವು.

ನಟಿಯರ ವಿಷಯ ಬಂದದ್ದಕ್ಕೆ: ಎಲೇನ್ ಪಾತ್ರಕ್ಕೆ ಲಾರೆನ್ ಬಕಾಲ್ ಅವರನ್ನು ಹಾಕಿದ್ದು ಬರೀ ತಾರಾಗಣ ತುಂಬಿಸಲಿಕ್ಕಲ್ಲ. 1946ರ ‘ದಿ ಬಿಗ್ ಸ್ಲೀಪ್’ನಲ್ಲಿ ಪತ್ತೇದಾರ ಹಂಫ್ರಿ ಬೊಗಾರ್ಟ್ ಒಂದು ಶ್ರೀಮಂತರ ಮನೆಗೆ ಬರುತ್ತಾನೆ. ಅಲ್ಲಿ ಗಾಲಿಕುರ್ಚಿಯಲ್ಲಿ ಮುದಿ ಜನರಲ್, ಅವನ ಮಗಳು ಬಕಾಲ್. ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬ ಪತ್ತೇದಾರ ಶ್ರೀಮಂತರ ಮನೆಗೆ ಬಂದಾಗ ಗಾಲಿಕುರ್ಚಿಯಲ್ಲಿ ಕೂತವಳು ಅದೇ ಬಕಾಲ್. ಅಂದು ಚಿತ್ರಮಂದಿರದಲ್ಲಿ ಕೂತ ನಡುವಯಸ್ಸಿನ ಪ್ರೇಕ್ಷಕರಿಗೆ ಇದು ಹೇಗೆ ತಾಗಿರಬೇಕು! ಬೊಗಾರ್ಟ್ ತೀರಿಕೊಂಡು ಆಗ ಒಂಬತ್ತು ವರ್ಷ.


ಕಡಲತಡಿ:

ಇದು ಅರವತ್ತರ ದಶಕದಲ್ಲಿ ಯಾಕೆ ಬಂತು ಅಂತ ಒಂದು ಸಣ್ಣ ಪ್ರಶ್ನೆ ಮಾರಾಯ್ರೆ. ಆಗ ಎಲ್ಲ ಕಡೆ ಬಾಂಡ್ ಅಲ್ಲವಾ?


ಹಳೇ ರೀಲು:

ಹೌದು, ಅದೇ ಕಾರಣ. 1962ರಲ್ಲಿ ಮೊದಲ ಬಾಂಡ್ ಚಿತ್ರ ಬಂದ ಮೇಲೆ ಜಗತ್ತಿನ ತುಂಬ ಗೂಢಚಾರರು. ಆ ಅಲೆ ನಮ್ಮಲ್ಲಿಗೂ ಬಂತು: 1968ರಲ್ಲಿ ದೊರೆ-ಭಗವಾನ್ ಅವರ ‘ಜೇಡರ ಬಲೆ’, ರಾಜ್‌ಕುಮಾರ್ ಸಿಐಡಿ 999, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಗೂಢಚಾರನ ಬೆನ್ನಿಗೆ ಸರ್ಕಾರ ಇರುತ್ತದೆ. ಕಾರು, ಯಂತ್ರ, ವಿಮಾನದ ಟಿಕೆಟ್ಟು ಎಲ್ಲ ಅವರದ್ದೇ.

ಖಾಸಗಿ ಪತ್ತೇದಾರನ ಬೆನ್ನಿಗೆ ಯಾರೂ ಇಲ್ಲ. ಕಾಫಿಪುಡಿಯೂ ಇಲ್ಲ. ಹಾಲಿವುಡ್‌ನಲ್ಲಿ ಈ ಜಾತಿಯ ನಾಯಕ ಹಳಬನಾದ ಅಂತ ಎಲ್ಲರೂ ಅಂದುಕೊಂಡಿದ್ದಾಗ ‘ಹಾರ್ಪರ್’ ಗೆದ್ದಿತು. ತಕ್ಷಣ ಸಾಲು ಹಿಡಿಯಿತು. 1967ರಲ್ಲಿ ಫ್ರ್ಯಾಂಕ್ ಸಿನಾತ್ರ ‘ಟೋನಿ ರೋಮ್’, ಮಯಾಮಿಯಲ್ಲಿ ದೋಣಿಯಲ್ಲೇ ವಾಸ ಮಾಡುವ ಪತ್ತೇದಾರ. ಮರುವರ್ಷ ಅದರ ಮುಂದಿನ ಭಾಗ ‘ಲೇಡಿ ಇನ್ ಸಿಮೆಂಟ್’. 1969ರಲ್ಲಿ ಜೇಮ್ಸ್ ಗಾರ್ನರ್ ‘ಮಾರ್ಲೋ’. ಬ್ರೂಸ್ ಲೀ ಬಂದು ಪತ್ತೇದಾರನ ಆಫೀಸನ್ನು ಕೈಕಾಲಲ್ಲೇ ಪುಡಿ ಮಾಡುವುದು ಅದರಲ್ಲೇ.


ಕಡಲತಡಿ:

‘ಟೋನಿ ರೋಮ್’ ನಾನು ನೋಡಿದ್ದೇನೆ. ನಿಜವಾಗಿ ಹಗುರ ಅಂದರೆ ಅದು. ನ್ಯಾನ್ಸಿ ಸಿನಾತ್ರ ಹಾಡುವ ಶೀರ್ಷಿಕೆ ಗೀತೆ, ಸಮುದ್ರ, ಜಿಲ್ ಸೇಂಟ್ ಜಾನ್, ಜೂಜಿನ ಮಾತು. ಸಿನಾತ್ರನಿಗೆ ಎಲ್ಲ ನೀರು ಕುಡಿದ ಹಾಗೆ. ಆದರೆ ಸಿನಿಮಾ ಮುಗಿದ ಮೇಲೆ ಮನಸ್ಸಲ್ಲಿ ಏನೂ ಉಳಿಯಲಿಲ್ಲ. ಅವನಿಗೆ ಏನೂ ಕಳೆದುಹೋದ ಹಾಗೆ ಅನ್ನಿಸುವುದಿಲ್ಲ. ಹಾರ್ಪರ್ ಹಾಗಲ್ಲ, ಅವನ ಪ್ರತಿ ಚಟಾಕಿಯ ಹಿಂದೆ ಒಂದು ನಷ್ಟ ಉಂಟು.


ತುಂಗಾತೀರ:

ಕಡಲತಡಿ ಅವರು ನಾನು ಹೇಳಬೇಕಾದ ಜಾಗಕ್ಕೇ ತಂದು ಬಿಟ್ಟರು. ಸೂಸನ್ ಬಗ್ಗೆ ಬರೆಯುತ್ತೇನೆ.

ಜ್ಯಾನೆಟ್ ಲೀ ಮಾಡಿದ ಈ ಪಾತ್ರ ಬರುವುದು ಕೆಲವೇ ದೃಶ್ಯಗಳಲ್ಲಿ. ಕಾದಂಬರಿಯಲ್ಲಿ ಪತ್ತೇದಾರನ ಬಿಟ್ಟುಹೋದ ಹೆಂಡತಿ ಒಂದು ನೆನಪು ಅಷ್ಟೇ. ಗೋಲ್ಡ್‌ಮನ್ ಅವಳನ್ನು ಫೋನಿನ ಆ ತುದಿಗೆ ತಂದು ಕೂರಿಸಿದರು. ವಿಚ್ಛೇದನದ ಕಾಗದಪತ್ರ ನಡೆಯುತ್ತಿದೆ. ಅವನು ಯಾರದ್ದೋ ದನಿಯಲ್ಲಿ ಫೋನ್ ಮಾಡುತ್ತಾನೆ. ಅವಳಿಗೆ ಅರ್ಧ ನಗು, ಅರ್ಧ ಕೋಪ. ಧಾರವಾಡದ ಸರ್ ಹೇಳಿದ ದನಿ ಬದಲಿಸುವ ಆಟ ಇದೆಯಲ್ಲ, ಕೇಸಿಗೆ ಅದು ಕೆಲಸದ ಉಪಾಯ. ಸೂಸನ್ ಹತ್ತಿರ ಮಾತ್ರ ಅದು ಬೇರೆ. ತನ್ನ ಸ್ವಂತ ದನಿಯಲ್ಲಿ ಅವಳ ಜೊತೆ ಮಾತಾಡುವ ಧೈರ್ಯ ಅವನಿಗಿಲ್ಲ.

ಆಮೇಲೆ ಒಂದು ರಾತ್ರಿ ಪೆಟ್ಟು ತಿಂದು ಅವಳ ಬಾಗಿಲಿಗೇ ಬರುತ್ತಾನೆ. ಅವಳು ಒಳಗೆ ಕರೆದುಕೊಳ್ಳುತ್ತಾಳೆ. ಬೆಳಗ್ಗೆ ಖುಷಿಯಲ್ಲಿ ತಿಂಡಿ ಮಾಡುತ್ತಿದ್ದಾಳೆ, ಬಾಣಲೆಯಲ್ಲಿ ಮೊಟ್ಟೆ. ಅವನು ಹೊರಡಬೇಕು ಅನ್ನುತ್ತಾನೆ. ಕೇಸು ಇನ್ನೂ ಮುಗಿದಿಲ್ಲ. ಅವನು ಹೋಗುತ್ತಾನೆ. ಅವಳು ಮೊಟ್ಟೆಯ ಹಳದಿಗೆ ಚುಚ್ಚುತ್ತಾಳೆ.

ಇದನ್ನು ಮೊದಲ ದೃಶ್ಯದ ಪಕ್ಕ ಇಟ್ಟು ನೋಡಿ. ಒಬ್ಬನೇ ಇರುವಾಗ ಕಸದ ಬುಟ್ಟಿಯ ಚರಟ ತೆಗೆದು ಕುಡಿದವನಿಗೆ ಇಲ್ಲಿ ಬಿಸಿ ತಿಂಡಿ, ಪ್ರೀತಿಸುವ ಹೆಂಗಸು, ಬೆಳಗಿನ ಬೆಳಕು ಎಲ್ಲ ಎದುರಿಗೇ ಇದೆ. ಅದನ್ನು ಬಿಟ್ಟು ಹೋಗುತ್ತಾನೆ. ಹಾಗಾದರೆ ಅವನು ಬಿಡಲಾರದವನು ಅಂದ ನನ್ನ ಮಾತು ತಪ್ಪೇ? ಇಲ್ಲ ಅಂದುಕೊಂಡಿದ್ದೇನೆ. ಅವನಿಗೆ ಹಳಸಿದ್ದನ್ನು ಹಿಡಿದುಕೊಳ್ಳಲು ಬರುತ್ತದೆ. ಬಿಸಿಯಾಗಿರುವುದನ್ನು ಹಿಡಿದುಕೊಳ್ಳಲು ಬರುವುದಿಲ್ಲ. ಸೂಸನ್‌ಗೆ ಇದು ಅವನಿಗಿಂತ ಮೊದಲೇ ಗೊತ್ತಿತ್ತು, ಅದಕ್ಕೇ ಕಾಗದಕ್ಕೆ ಸಹಿ ಕೇಳಿದ್ದು. ಆ ಬೆಳಗ್ಗೆ ಒಂದು ಅರ್ಧ ಗಂಟೆ ಮರೆತಿದ್ದಳು.


ಬೆಳಕಿನವಳು:

ಆ ಅರ್ಧ ಗಂಟೆಯಲ್ಲಿ ಅಡುಗೆಮನೆಯ ಬೆಳಕು ನೋಡಿ ತುಂಗಾತೀರ. ಇಡೀ ಚಿತ್ರದಲ್ಲಿ ನನಗೆ ಮನೆ ಅನ್ನಿಸಿದ್ದು ಅದೊಂದೇ ಜಾಗ.


ಪ್ರಶ್ನೆಗಾರ್ತಿ:

ಫೇ ಬಗ್ಗೆ ಅಷ್ಟು ಬರೆದೆ, ಸೂಸನ್‌ಳನ್ನು ಮರೆತೇಬಿಟ್ಟಿದ್ದೆ. ಮೊಟ್ಟೆ ದೃಶ್ಯದಲ್ಲಿ ಅವಳು ಅಳುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ನಮ್ಮ ದೊಡ್ಡಮ್ಮ ಒಬ್ಬರು ಹೀಗೇ, ಸಿಟ್ಟು ಬಂದರೆ ಹಿಟ್ಟು ನಾದುತ್ತಿದ್ದರು. ಆ ದಿನದ ಚಪಾತಿ ಎಲ್ಲರಿಗೂ ಗೊತ್ತಾಗುತ್ತಿತ್ತು.

ಈಗ ಕೊನೆಯ ಬಗ್ಗೆ ಮಾತಾಡಬಹುದಾ? ನನಗೆ ಅದು ಅರ್ಥವಾಯಿತೋ ಇಲ್ಲವೋ ಅಂತ ಅನುಮಾನ.


ತುಂಗಾತೀರ:

ಇಲ್ಲಿಂದ ಕೆಳಗೆ ಕೊಲೆಗಾರ ಯಾರು ಅನ್ನುವುದು ಬರುತ್ತದೆ. ನೋಡದವರು ಇಲ್ಲಿಗೇ ನಿಲ್ಲಿ, ನೋಡಿ ಬನ್ನಿ.


ಪೆಸಿಫಿಕ್ ದಂಡೆ:

ನಾನು ಹೇಳ್ತೀನಿ. ಅಪಹರಣ ಮಾಡಿದ್ದು ಪೈಲಟ್ ಟ್ಯಾಗರ್ಟ್ ಮತ್ತು ಬೆಟ್ಟಿ. ಅವರಿಬ್ಬರೂ ಸತ್ತು, ಸ್ಯಾಂಪ್ಸನ್‌ನನ್ನು ಬಚ್ಚಿಟ್ಟಿದ್ದ ಪಾಳು ತೈಲ ಹಡಗಿನಲ್ಲಿ ಅವನ ಹೆಣ ಸಿಕ್ಕಿದ ಮೇಲೆ ಎಲ್ಲ ಮುಗಿಯಿತು ಅನ್ನಿಸುತ್ತೆ. ಮುಗಿದಿಲ್ಲ. ಅವನನ್ನು ಕೊಂದಿದ್ದು ಆಲ್ಬರ್ಟ್ ಗ್ರೇವ್ಸ್. ಮಿರಾಂಡ ಮೇಲೆ ಆಸೆ ಇಟ್ಟುಕೊಂಡ ವಕೀಲ, ಹಾರ್ಪರ್‌ಗೆ ಈ ಕೆಲಸ ಕೊಡಿಸಿದ ಗೆಳೆಯ. ಟ್ಯಾಗರ್ಟ್‌ನ ಗುಂಡಿನಿಂದ ಹಾರ್ಪರ್‌ನ ಜೀವ ಉಳಿಸಿದವನೂ ಅವನೇ.

ಹಾರ್ಪರ್ ಕಾರಿಂದ ಇಳಿದು ಎಲೇನ್ ಮನೆ ಬಾಗಿಲ ಕಡೆ ನಡೀತಾನೆ, ನಿಜ ಹೇಳೋಕೆ. ನೀನು ಬೇಕಾದರೆ ಹಿಂದಿನಿಂದ ಹೊಡಿ, ನಾನಂತೂ ಹೇಳ್ತೀನಿ ಅನ್ನೋ ಹಾಗೆ ಬೆನ್ನು ತೋರಿಸಿ ಹೋಗ್ತಾನೆ. ಗ್ರೇವ್ಸ್ ಪಿಸ್ತೂಲು ಗುರಿ ಇಡ್ತಾನೆ. ಹೊಡೆಯೋಕಾಗಲ್ಲ. ಥತ್ ಅಂತ ಇಳಿಸ್ತಾನೆ. ಹಾರ್ಪರ್ ಕೈ ಎತ್ತಿ ಬಿಡ್ತಾನೆ. ಚಿತ್ರ ಅಲ್ಲೇ ಹೆಪ್ಪುಗಟ್ಟಿ ನಿಂತುಬಿಡುತ್ತೆ.


ಪ್ರಶ್ನೆಗಾರ್ತಿ:

ಅದೇ ನನ್ನ ಅನುಮಾನ. ಕೈ ಎತ್ತಿದ್ದು ಏನು? ಹೇಳುವುದಿಲ್ಲ ಅಂತಲಾ, ಆಗಲಿ ಬಿಡು ಅಂತಲಾ?


ಧಾರವಾಡ ಗಾಳಿ:

ಮತ್ತ ನೋಡಿದೆ, ಅಕ್ಕಾರು ಹೇಳಿದಂಗ ಬೆಳಕ ನೋಡಕೋತ. ನನ್ನ ಮಾತು ಅರ್ಧ ಹಿಂದ ತಗೋತೀನಿ. ಹಗುರಕ್ಕೂ ಕ್ರೂರಕ್ಕೂ ಹೊಲಗಿ ಕಾಣ್ತದ, ಆದ್ರ ಆ ಹೊಲಗಿ ಹಾರ್ಪರ್‌ನ ಮೈಮ್ಯಾಲ ಅದ. ಪೆಟ್ಟ ತಿಂದಂಗ ತಿಂದಂಗ ಅವನ ಚಟಾಕಿ ಕಡಿಮಿ ಆಕ್ಕೋತ ಹೋಗ್ತಾವ. ಕಡೀ ಹತ್ತ ನಿಮಿಷದಾಗ ಒಂದೂ ಚಟಾಕಿ ನನಗ ಕೇಳಲಿಲ್ಲ. ಗುಡಿಯ ಕಥಿ ಬಗ್ಗೆ ಮಾತ್ರ ನನ್ನ ಮಾತ ನನ್ನದ. ಕಾದಂಬರಿಯೊಳಗ ಇದ್ರೂ ಸಿನಿಮಾಕ್ಕ ಅದು ಭಾರ.

ಪ್ರಶ್ನೆಗಾರ್ತಿ ತಂಗಿಯವರ, ನನ್ನ ಪ್ರಕಾರ ಅವ ಹೇಳಂಗಿಲ್ಲ. ಗೆಳೆಯಾನ ಮ್ಯಾಲ ಕೈ ಎತ್ತೂದು ಆಗೂದಿಲ್ಲ ಅವನ ಕಡೆಯಿಂದ.


ಹಳೇ ರೀಲು:

ನಾನು ಒಪ್ಪುವುದಿಲ್ಲ. ಅವನು ಹೇಳುತ್ತಾನೆ. ತಿಂಡಿ ಬಿಟ್ಟು ಎದ್ದುಬಂದದ್ದು, ಸೂಸನ್‌ಳನ್ನು ಕಳೆದುಕೊಂಡದ್ದು ಈ ಕೇಸಿಗೆ. ಬಾಗಿಲವರೆಗೂ ಬಂದು ಗಂಟೆ ಒತ್ತದೆ ಹೋದರೆ ಆ ಬೆಳಗ್ಗೆಗೆ ಏನು ಬೆಲೆ? ಇಬ್ಬರು ಗೆಳೆಯರಿಗೂ ತಮ್ಮಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಒಂದೇ ಗಳಿಗೆಯಲ್ಲಿ ತಿಳಿಯಿತು. ಕೈ ಎತ್ತಿದ್ದು ಅದಕ್ಕೆ.


ಕಡಲತಡಿ:

1975ರಲ್ಲಿ ನ್ಯೂಮನ್ ಮತ್ತೆ ಹಾರ್ಪರ್ ಆಗಿ ‘ದಿ ಡ್ರೌನಿಂಗ್ ಪೂಲ್’ ಮಾಡಿದ್ದಾರಲ್ಲ, ಅದರಲ್ಲಿ ಉತ್ತರ ಸಿಗುತ್ತದಾ?


ತುಂಗಾತೀರ:

ಅದು ಲೂಸಿಯಾನದ ಬೇರೆ ಕೇಸು. ಉತ್ತರ ಸಿಗುವುದಿಲ್ಲ.

ಈ ಚರ್ಚೆ ಓದಿ ಹೇಳುತ್ತಿದ್ದೆ, ಅಮ್ಮ ಇಡೀ ಸಿನಿಮಾ ನೋಡಬೇಕು ಅಂದರು. ಶನಿವಾರ ಸಂಜೆ ಹಾಕಿದೆ. ನಡುನಡುವೆ ನಿಲ್ಲಿಸಿ ಕಥೆ ಹೇಳುತ್ತ ಹೋದೆ. ಫೇ ದೃಶ್ಯದಲ್ಲಿ ಅಮ್ಮನೂ ಪ್ರಶ್ನೆಗಾರ್ತಿಯವರ ಹಾಗೆಯೇ ‘ಪಾಪ’ ಅಂದರು. ಮೊಟ್ಟೆ ದೃಶ್ಯದಲ್ಲಿ ಏನೂ ಹೇಳಲಿಲ್ಲ. ಕೊನೆಯಲ್ಲಿ ಚಿತ್ರ ನಿಂತಾಗ ರಿಮೋಟ್ ಕೆಟ್ಟಿತು ಅಂದುಕೊಂಡರು. ಮುಗಿಯಿತಮ್ಮ, ಇಷ್ಟೇ, ಅಂದೆ. ಅವನು ಹೇಳಿದನೋ ಇಲ್ಲವೋ ಅಂತ ಕೇಳಿದರು. ಗೊತ್ತಿಲ್ಲ, ನಿಮಗೇನು ಅನ್ನಿಸುತ್ತದೆ ಅಂದೆ.

ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಅಲ್ಲಿಂದಲೇ ಕೂಗಿ ಹೇಳಿದರು: ‘ಹೇಳ್ತಾನೆ. ಹೇಳಿ, ಆಮೇಲೆ ಆ ವಕೀಲನ್ನ ನೋಡೋಕೆ ಜೈಲಿಗೂ ಹೋಗ್ತಾನೆ.’


ಹಳೇ ರೀಲು:

ಅಮ್ಮನವರು ಹೇಳಿದ ಮೇಲೆ ನನ್ನದೂ ಅದೇ ಉತ್ತರ.